ಐಟಂ ರೇಟಿನಲ್ಲಿ ಸೊನ್ನೆ ಬಿಟ್ಟುಹೋಗಿದೆ, ಬಿಡ್ ವಾಪಸ್ ಪಡೆದರೆ ಇಎಂಡಿ (ಟೆಂಡರ್ ಠೇವಣಿ) ಹೋಗುತ್ತಾ?

ಶೆಡ್ಯೂಲ್‌ಬಿ ಕೇಳಿದ್ದು:
ಕೆಪಿಪಿಪಿ (ಕರ್ನಾಟಕ ಸರ್ಕಾರದ ಖರೀದಿ) ಪೋರ್ಟಲಿನಲ್ಲಿ ಐಟಂ ರೇಟ್ ಟೆಂಡರ್, ಅಂದರೆ ಪ್ರತಿ ಐಟಂಗೂ ನಾವೇ ರೇಟ್ ಹಾಕುವುದು. ಮಣ್ಣು ಅಗೆತ 12,000 ಘನ ಮೀಟರ್, ರೇಟ್ ₹210 ಅಂತ ಹಾಕಬೇಕಾದಲ್ಲಿ ₹21 ಬಿದ್ದಿದೆ. ಫೈನಾನ್ಷಿಯಲ್ ಬಿಡ್ ತೆರೆದಾಯ್ತು, ಎಲ್-1 (ಅತಿ ಕಡಿಮೆ ಬಿಡ್) ನಾವೇ. ಎಲ್‌ಒಎ (ಅಂಗೀಕಾರ ಪತ್ರ) ಇನ್ನೂ ಬಂದಿಲ್ಲ, ಬಿಡ್ ವ್ಯಾಲಿಡಿಟಿ (ಬಿಡ್ ಊರ್ಜಿತವಿರುವ ಅವಧಿ) ಮುಗಿದಿಲ್ಲ. ಇಎಂಡಿ ₹5 ಲಕ್ಷ. ಟೈಪಿಂಗ್ ತಪ್ಪು ಅಂತ ಅರ್ಜಿ ಕೊಟ್ಟರೆ ತಿದ್ದುತ್ತಾರಾ? ವಾಪಸ್ ಪಡೆದರೆ ಏನೇನು ಹೋಗುತ್ತೆ?

ಕಾನೂನು_ಕಾಮಗಾರಿ:
ತಿದ್ದುವುದಿಲ್ಲ, ತಿದ್ದಲೂಬಾರದು. ಪುರುಲಿಯಾ ಪಂಪ್ಡ್ ಸ್ಟೋರೇಜ್ ಯೋಜನೆಯ ಟೆಂಡರಿನಲ್ಲಿ ಕಂಪ್ಯೂಟರಿನಿಂದ ತಪ್ಪಾಗಿದೆ ಎಂದು ಬಿಡ್ಡರು ವಾದಿಸಿದ್ದರು; ಪಟೇಲ್ ಇಂಜಿನಿಯರಿಂಗ್ ಪ್ರಕರಣದಲ್ಲಿ (2001) ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಟೆಂಡರ್ ದಾಖಲೆಯ "ಅಂಕಗಣಿತ ದೋಷ" ಕಲಂ ಗುಣಾಕಾರ, ಕೂಡಿಕೆಯ ತಪ್ಪಿಗೆ ಮಾತ್ರ. ಅಲ್ಲೂ ಯೂನಿಟ್ ರೇಟೇ ನಿಲ್ಲುತ್ತದೆ. ನಿಮ್ಮದು ಯೂನಿಟ್ ರೇಟಿನದ್ದೇ ತಪ್ಪು.

ವಾಪಸ್ ಪಡೆಯಬಹುದು. ಕಾಂಟ್ರಾಕ್ಟ್ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಅಂಗೀಕಾರ ಪತ್ರ ಅವರ ಕೈಬಿಟ್ಟು ಹೊರಡುವ ಮೊದಲು ನಿಮ್ಮ ಹಿಂತೆಗೆತ ಅವರಿಗೆ ಗೊತ್ತಾಗಿರಬೇಕು. ಆದ್ದರಿಂದ ಪತ್ರವನ್ನು ಇವತ್ತೇ ಅವರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಜೊತೆಗೆ ಇಮೇಲ್ ಕೂಡ ಹಾಕಿ. ಫೋನಲ್ಲಿ ಇಇ (ಕಾರ್ಯಪಾಲಕ ಇಂಜಿನಿಯರ್) ಸಾಹೇಬರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಇಎಂಡಿ ಮಾತ್ರ ಹೋದಂತೆಯೇ. ವ್ಯಾಲಿಡಿಟಿ ಒಳಗೆ ಹಿಂತೆಗೆದರೆ ಮುಟ್ಟುಗೋಲು ಎಂಬ ಷರತ್ತು ಸರಿ ಎಂದು ಗಂಗಾ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ (2003) ಹೇಳಿಯಾಗಿದೆ. ಹಿಂತೆಗೆಯುವ ಹಕ್ಕೇ ಬೇರೆ, ಠೇವಣಿಯ ಕರಾರೇ ಬೇರೆ.

ಎಂಬಿ_ಬುಕ್:
ಮೊದಲು ಲೆಕ್ಕ ಹಾಕಿ. ಘನ ಮೀಟರಿಗೆ 210 − 21 = ₹189 ಖೋತಾ; 189 × 12,000 = ₹22,68,000 ನಷ್ಟ. ಅದೂ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರಮಾಣ ಶೇ 25ರಷ್ಟು ಹೆಚ್ಚಾದರೂ ಟೆಂಡರ್ ರೇಟಿನಲ್ಲೇ ಮಾಡಬೇಕು ಎಂಬ ಕಲಂ ನಿಮ್ಮ ದಾಖಲೆಯಲ್ಲಿದ್ದರೆ 15,000 ಘನ ಮೀಟರಿಗೆ ₹28,35,000. ಅಗೆತದ ಐಟಂ ಎಸ್ಟಿಮೇಟಿನಲ್ಲಿದ್ದಷ್ಟೇ ಬರುವುದು ಅಪರೂಪ. ಇದರ ಮೇಲೆ, ಎಸ್ಟಿಮೇಟಿಗಿಂತ ತೀರಾ ಕಡಿಮೆ ರೇಟ್ ಅಂತ ಹೆಚ್ಚುವರಿ ಸೆಕ್ಯುರಿಟಿ (ಭದ್ರತಾ ಠೇವಣಿ) ಕೇಳಬಹುದು. ಆ ದುಡ್ಡು ಕೆಲಸ ಮುಗಿಯುವವರೆಗೂ ಸಿಕ್ಕಿಹಾಕಿಕೊಂಡಿರುತ್ತದೆ.

₹5 ಲಕ್ಷ ಬಿಟ್ಟು ಹೊರಬರುವುದೇ ಅಗ್ಗ, ಉಳಿದ ಐಟಂಗಳಲ್ಲಿ ಈ ಹೊಡೆತ ತಡೆಯುವಷ್ಟು ಮಾರ್ಜಿನ್ ಇಲ್ಲದಿದ್ದರೆ. ಎಲ್‌ಒಎ ಬಂದ ಮೇಲೆ ಕೈಕೊಟ್ಟರೆ ಕಥೆ ಬೇರೆ: ಇಎಂಡಿ ಜೊತೆಗೆ ಮರು ಟೆಂಡರಿನ ವ್ಯತ್ಯಾಸದ ಹಣಕ್ಕೂ ಕೈಹಾಕಬಹುದು.

ಶೆಡ್ಯೂಲ್‌ಬಿ:
ಬ್ಲ್ಯಾಕ್‌ಲಿಸ್ಟ್ ಮಾಡಿದರೆ?

ಕಾನೂನು_ಕಾಮಗಾರಿ:
ಇಎಂಡಿ ಮುಟ್ಟುಗೋಲಾದ ಮಾತ್ರಕ್ಕೆ ತಾನಾಗಿ ಬ್ಲ್ಯಾಕ್‌ಲಿಸ್ಟ್ ಆಗುವುದಿಲ್ಲ. ನೋಟಿಸ್ ಕೊಡಬೇಕು, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದೆ ಎಂಬುದು ಆ ನೋಟಿಸಿನಿಂದಲೇ ತಿಳಿಯಬೇಕು. ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದ (2014) ಸಾರ ಇದೇ. ಬರೀ "ಸೂಕ್ತ ಕ್ರಮ ಏಕೆ ಕೈಗೊಳ್ಳಬಾರದು" ಅಂತಿದ್ದರೆ ಆ ಕೊರತೆಯನ್ನೇ ಉತ್ತರದಲ್ಲಿ ಎತ್ತಿ ತೋರಿಸಿ. ನೋಟಿಸಿಗೆ ಉತ್ತರವನ್ನೇ ಕೊಡದೆ ಕೂರಬೇಡಿ. ರೇಟ್ ಅನಾಲಿಸಿಸ್ (ರೇಟ್ ಲೆಕ್ಕ ಹಾಕಿದ) ಹಾಳೆಯಲ್ಲಿ ₹210 ಇದ್ದದ್ದಕ್ಕೆ ದಾಖಲೆ ಲಗತ್ತಿಸಿ. ಇಎಂಡಿ ಉಳಿಸಲು ಅದು ಸಾಲದು, ದುರುದ್ದೇಶ ಇರಲಿಲ್ಲ ಎನ್ನಲು ಸಾಕು.

ಎಲ್2_ಪಾರ್ಟಿ:
ಒಂದು ವೇಳೆ ಅಧಿಕಾರಿ ದಾಕ್ಷಿಣ್ಯಕ್ಕೆ ರೇಟ್ ತಿದ್ದಿ ಕೆಲಸ ಕೊಟ್ಟರೆ, ಎರಡನೆಯವರು (ಎಲ್-2 ಬಿಡ್ಡರು) ಸುಮ್ಮನಿರುವುದಿಲ್ಲ. ಕೆಟಿಪಿಪಿ ಕಾಯ್ದೆ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ) 1999ರ 16ನೇ ಸೆಕ್ಷನ್ ಪ್ರಕಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ. ಟೆಂಡರ್ ಅಂಗೀಕರಿಸಿದ್ದು ಸರ್ಕಾರವೇ ಆದರೆ ಆ ದಾರಿ ಇಲ್ಲ, ನೇರ ಹೈಕೋರ್ಟಿಗೆ ರಿಟ್. ಮೇಲ್ಮನವಿ ಜೊತೆಗೇ ತಡೆ ಕೋರಿದ ಅರ್ಜಿಯೂ ಇರಲಿ. ಸುಪ್ರೀಂ ಕೋರ್ಟಿನ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು (2022) ಬಂದ ಮೇಲೆ ಕಾಮಗಾರಿಗೆ ತಡೆ ಸಿಗುವುದು ಕಷ್ಟ; ಜೆಸಿಬಿ ಇಳಿದ ಮೇಲಂತೂ ಇನ್ನೂ ಕಷ್ಟ.