ಬಡಾವಣೆಯವರಿಗೆ ಆನ್‌ಲೈನ್ ಚೆಸ್: ನಾಕೌಟಾ, ಸ್ವಿಸ್ಸಾ?

ಪ್ರಶ್ನೆ: ಭಾನುವಾರ ಸಂಜೆ 20 ಜನ ಆಡ್ತಾರೆ, ಮಕ್ಕಳೂ ಸೇರಿ. ಮೂರು ಗಂಟೆಯೊಳಗೆ ಮುಗೀಬೇಕು. ಯಾವ ಪದ್ಧತಿ ಇಡೋದು?

ಉತ್ತರ 1: ನಾಕೌಟ್ ಬೇಡವೇ ಬೇಡ, ಒಂದೇ ಆಟ ಸೋತ ಮಗು ಸಂಜೆಯೆಲ್ಲ ಸುಮ್ಮನೆ ಕೂರಬೇಕಾಗುತ್ತೆ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಸ್ವಿಸ್ ಇಡಿ, ಅಂದ್ರೆ ಸೋತರೂ ಯಾರೂ ಹೊರಹೋಗದೆ, ಪ್ರತಿ ಸುತ್ತಿನಲ್ಲೂ ಹೆಚ್ಚುಕಮ್ಮಿ ಸಮ ಅಂಕದವರ ಜೊತೆ ಆಡೋ ಪದ್ಧತಿ: 5 ಸುತ್ತು, 10+5 (ಒಬ್ಬೊಬ್ಬರಿಗೆ 10 ನಿಮಿಷ, ಪ್ರತಿ ನಡೆಗೂ 5 ಸೆಕೆಂಡ್ ಸೇರುತ್ತೆ). 60 ನಡೆಯ ಆಟಕ್ಕೆ ಒಬ್ಬೊಬ್ಬರಿಗೆ 15 ನಿಮಿಷ, ಅಂದ್ರೆ ಸುತ್ತಿಗೆ ಹೆಚ್ಚೆಂದರೆ ಅರ್ಧ ಗಂಟೆ. ಅಲ್ಲಿ ಸ್ವಿಸ್ ಇಡೋಕೆ ಟೀಮ್ (ಆ ಸೈಟ್‌ನಲ್ಲೇ ಮಾಡೋ ಗುಂಪು) ಬೇಕೇ ಬೇಕು. ಎಲ್ಲರನ್ನೂ ಅದಕ್ಕೆ ಶನಿವಾರವೇ ಸೇರಿಸಿಬಿಡಿ.

ಉತ್ತರ 2: ‘ರೇಟೆಡ್’ (ಸೋಲು-ಗೆಲುವಿಗೆ ಆಟಗಾರರ ರೇಟಿಂಗ್ ಏರಿಳಿಯೋ ಆಯ್ಕೆ) ಆಫ್ ಮಾಡಿ, ಹೊಸಬರು ಹೆದರದೆ ಆಡ್ತಾರೆ. ಮೊದಲ ನಡೆ ತಡವಾದ್ರೆ ಆಟವೇ ಹೋಗುತ್ತೆ. ಪ್ರತಿ ಸುತ್ತಿಗೂ ಮುಂಚೆ ವಾಟ್ಸಾಪ್‌ನಲ್ಲಿ ಎಚ್ಚರಿಸಿ.

ಉತ್ತರ 3: ಸಮ ಅಂಕ ಬಂದ್ರೆ ಯಾರು ಮುಂದೆ ಅಂತ ಲಿಚೆಸ್ ಸೊನ್ನೆಬಾರ್ನ್-ಬರ್ಗರ್ ಅನ್ನೋ ಲೆಕ್ಕ ನೋಡುತ್ತೆ: ಸೋಲಿಸಿದವರ ಅಂಕ ಪೂರ್ತಿ, ಡ್ರಾ ಆದವರದು ಅರ್ಧ. ಇದನ್ನ ಮೊದಲೇ ಹೇಳಿಡಿ.