2002ರ ಹೋಂಡಾ ಸಿಟಿ ವಿಟೆಕ್: 20ಡಬ್ಲ್ಯು-50 ತುಂಬಿಸಿದ ಮೇಲೆ ವಿಟೆಕ್ ಎಳೆತ ಕೈಕೊಡುತ್ತಿದೆ

ಪ್ರಶ್ನೆ:
ನನ್ನ ಸಿಟಿ 1.5 ವಿಟೆಕ್ 1.7 ಲಕ್ಷ ಕಿ.ಮೀ. ಓಡಿದೆ. ಇಷ್ಟು ವರ್ಷವೂ 10ಡಬ್ಲ್ಯು-30 ಆಯಿಲ್. ಕಳೆದ ತಿಂಗಳು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದಾಗ, ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕಿತು. ಗ್ಯಾರೇಜಿನವರು ‘ಹಳೆಯ ಗಾಡಿಗೆ ದಪ್ಪ ಆಯಿಲೇ ಸರಿ’ ಎಂದು 20ಡಬ್ಲ್ಯು-50 ತುಂಬಿದರು. ದೀಪ ಆರಿತು. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಾಲ್ಕೈದು ಸೆಕೆಂಡು ಟಪ್ಪೆಟ್ ಸದ್ದು, ಮೇಲಿನ ಆರ್‌ಪಿಎಂನಲ್ಲಿ ವಿಟೆಕ್ (ವೇಗ ಏರಿದಾಗ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ವ್ಯವಸ್ಥೆ) ಎಳೆತ ಒಮ್ಮೊಮ್ಮೆ ಬರುವುದೇ ಇಲ್ಲ. ಯಾವ ಗ್ರೇಡ್ ಹಾಕಿಸಲಿ?

ಉತ್ತರ:
ಗ್ರೇಡಿನ ಮಾತು ಆಮೇಲೆ ಸರ್, ಮೊದಲು ಆಯಿಲ್ ಒತ್ತಡ ಅಳೆಸಿ. ಒತ್ತಡ ಕುಸಿದರೆ ಹೊತ್ತುವ ಆ ಆಯಿಲ್ ದೀಪದ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಬೇಕು. ಆ ಕಾಲದ ಹೋಂಡಾ ಎಂಜಿನ್ನುಗಳಿಗೆ ಬಿಸಿಯಲ್ಲಿ, ಐಡ್ಲಿಂಗ್‌ಗೆ ಕನಿಷ್ಠ 10 ಪಿಎಸ್‌ಐ, 3,000 ಆರ್‌ಪಿಎಂಗೆ 50 ಪಿಎಸ್‌ಐ ಇರಬೇಕು.

ಗ್ರೇಡಿನ ಕೊನೆಯ ಅಂಕಿ ಬಿಸಿ ಆಯಿಲಿನ ದಪ್ಪ ಹೇಳುತ್ತದೆ. 100 ಡಿಗ್ರಿ ಬಿಸಿಯಲ್ಲಿ 30 ಗ್ರೇಡಿನ ಸ್ನಿಗ್ಧತೆ (ದಪ್ಪ) 9.3ರಿಂದ 12.5 ಸೆಂಟಿಸ್ಟೋಕ್, 50 ಗ್ರೇಡಿನದು 16.3ರಿಂದ 21.9. ಅಷ್ಟು ದಪ್ಪವಾದರೆ ಹರಿಯುವುದಕ್ಕೆ ತಡೆ ಹೆಚ್ಚಿ ಒತ್ತಡ ಏರುತ್ತದೆ, ದೀಪ ಆರುತ್ತದೆ. ಬೇರಿಂಗ್ ಸವೆದಿದ್ದರೆ ಅದು ಸವೆದೇ ಇರುತ್ತದೆ. ಬೆಳಗಿನ ಸದ್ದು ದಪ್ಪ ಆಯಿಲ್ ಮೇಲಕ್ಕೇರಲು ತಡವಾಗುತ್ತಿರುವುದರ ಗುರುತು.

ವಿಟೆಕ್ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ವಾಲ್ವ್ ಒತ್ತುವ ರಾಕರ್ ಒಳಗಿನ ಪಿನ್ನನ್ನು ತಳ್ಳುವುದು ಅದೇ ಆಯಿಲ್. ಆ ಆಯಿಲಿಗೆ ದಾರಿ ಬಿಡುವ ಸೊಲೆನಾಯ್ಡ್ (ವಿದ್ಯುತ್ ಕವಾಟ) ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಒಂದು ಪುಟ್ಟ ಜಾಲರಿ ಇರುತ್ತದೆ. ಬಿಚ್ಚಿಸಿ ನೋಡಿ, ನನ್ನ ಅನುಮಾನವೆಲ್ಲ ಅದರ ಮೇಲೆಯೇ. ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ತೆಳುವಾಗಲು ಅದೇ ಕಾರಣವಿರಬಹುದು.

ಒತ್ತಡ ಸರಿಯಿದ್ದರೆ 10ಡಬ್ಲ್ಯು-30ಕ್ಕೇ ಮರಳಿ. ಘಾಟಿ ಓಡಾಟ ಹೆಚ್ಚಿದ್ದರೆ ಒಂದು ಮೆಟ್ಟಿಲು ಮೇಲೆ, 5ಡಬ್ಲ್ಯು-40. ಅದಕ್ಕಿಂತ ದಪ್ಪ ಈ ಎಂಜಿನ್ನಿಗೆ ಬೇಡವೇ ಬೇಡ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ:
20ಡಬ್ಲ್ಯು-50 ಇಳಿಸಿ 5ಡಬ್ಲ್ಯು-40 ಹಾಕಿಸಿ, ಫಿಲ್ಟರ್ ಬದಲಿಸಿ ಅಳೆಸಿದೆ. ಬಿಸಿ ಐಡ್ಲಿಂಗ್‌ನಲ್ಲಿ 16, ಮೂರು ಸಾವಿರಕ್ಕೆ 56 ಪಿಎಸ್‌ಐ. ದೀಪದ ಸ್ವಿಚ್ಚಿನ ಕನೆಕ್ಟರ್ ಒಳಗೆಲ್ಲ ಆಯಿಲ್ ಜಿನುಗಿತ್ತು, ಅದನ್ನು ಬದಲಿಸಿದೆ. ಜಾಲರಿಯ ಅರ್ಧ ಭಾಗಕ್ಕೆ ಕಾಡಿಗೆಯಂಥ ಮಸಿ ಮೆತ್ತಿಕೊಂಡಿತ್ತು, ಬೆರಳಿನಲ್ಲಿ ಒರೆಸಿದರೆ ಜಿಗುಟು. ಹೊಸ ಗ್ಯಾಸ್ಕೆಟ್ ಕೂಡಿಸಿದ ಮೇಲೆ ಎಳೆತ ಮೊದಲಿನಂತೆಯೇ ಬರುತ್ತಿದೆ, ಬೆಳಗಿನ ಸದ್ದೂ ನಿಂತಿದೆ. ಆ ಮಸಿ ಇನ್ನೂ ಒಳಗಿರಬಹುದೆಂದು ಈ ಆಯಿಲನ್ನು 3,000 ಕಿ.ಮೀ.ಗೇ ಇಳಿಸುತ್ತೇನೆ.