ಪೆನ್ಸಿಲ್ವೇನಿಯಾ ರೈಫಲ್: ಒಬ್ಬನೇ ಕಮ್ಮಾರನ ಕೆಲಸವಾ?

ಕುಲುಮೆಪ್ರಿಯ: 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಜರ್ಮನ್, ಸ್ವಿಸ್ ವಲಸಿಗರು ಉದ್ದ ನಳಿಗೆಯ ಚಕಮಕಿ ಕೋವಿ ಮಾಡುತ್ತಿದ್ದರು. ಮೊಳೆಯಿಂದ ನಳಿಗೆವರೆಗೆ ಎಲ್ಲಾ ಒಬ್ಬನೇ ಕಮ್ಮಾರನ ಕೈಯಲ್ಲಿ. ಅಂಥ ಕೆಲಸ ಇನ್ನೆಲ್ಲಿ ಸಿಗುತ್ತೆ ಹೇಳಿ!

ಅರ_ಸುತ್ತಿಗೆ: ಸ್ವಲ್ಪ ತಡೀರಿ ಸಾರ್. ಕಿಡಿ ಹಾರಿಸುವ ಲಾಕ್ ಎಷ್ಟೋ ಕೋವಿಗಳಿಗೆ ಇಂಗ್ಲೆಂಡ್, ಜರ್ಮನಿಯಿಂದ ಹಡಗಿನಲ್ಲಿ ಬರುತ್ತಿತ್ತು. ನಳಿಗೆ ಕೊರೆಯಲು ನೀರಿನ ಚಕ್ರದ ಗಿರಣಿಗಳೂ ಅಲ್ಲಿದ್ದವು. ಎಲ್ಲಾ ಒಬ್ಬನೇ ಮಾಡಿದ ಅನ್ನೋದು ಸುಮ್ನೆ ಕಟ್ಟಿದ ಮಾತು.

ಕುಲುಮೆಪ್ರಿಯ: ಲಾಕ್ ಬಿಡಿ, ನಳಿಗೆ ನೋಡಿ. ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಬಿಳುಪೇರುವಷ್ಟು ಕಾಯಿಸಿ, ಒಂದು ಸರಳಿನ ಸುತ್ತ ಮಡಚಿ, ಕೆಲವೇ ಇಂಚು ಬಡಿದು ಬೆಸೆಯಬೇಕು. ಒಳಗಿನ ಸರಳು ಅಂಟಿಕೊಳ್ಳುವ ಮೊದಲೇ ಎಳೆಯಬೇಕು. ಮತ್ತೆ ಕಾಯಿಸು, ಮತ್ತೆ ಬಡಿ. ಆಮೇಲೆ ಒಳಗೆ ಸುರುಳಿ ಗೀರು ಹಾಕುವುದು. ಸುರುಳಿ ಕೊರೆದ ಮರದ ಉರುಳೆಯ ತುದಿಗೆ ಕೋಲು, ಅದರಲ್ಲಿ ಒಂದು ಪುಟ್ಟ ಉಕ್ಕಿನ ಹಲ್ಲು. ಕೈಯಿಂದ ಎಳೆದು ಎಳೆದು ಕೆರೆಯಬೇಕು. ಹಲ್ಲು ಕಚ್ಚದಿದ್ದರೆ ಅದರಡಿ ತೆಳು ಕಾಗದದ ಚೂರು ಇಟ್ಟು ಎತ್ತರಿಸಬೇಕು. ಇದಕ್ಕೆ ತಾಳ್ಮೆ ಬೇಡವಾ?

ಅರ_ಸುತ್ತಿಗೆ: ತಾಳ್ಮೆ ಇಲ್ಲ ಅಂದವರು ಯಾರು? ಲಾಕ್ ತರಿಸಿದ್ದಕ್ಕೂ ಕಾರಣ ಇದೆ. ಚಕಮಕಿ ಕಲ್ಲು ಬಡಿಯುವ ಉಕ್ಕಿನ ಮುಖದಿಂದ ಹೆರೆದ ಚೂರುಗಳೇ ಉರಿದು ಕಿಡಿಯಾಗಿ, ಬಟ್ಟಲಿನ ಮದ್ದಿಗೆ ಬೀಳುತ್ತವೆ. ಆ ಮುಖ ಮೆತ್ತಗಿದ್ದರೆ ಕಿಡಿಯೇ ಇಲ್ಲ, ತೀರಾ ಗಡುಸಾದರೆ ಸೀಳುತ್ತೆ. ಸ್ಪ್ರಿಂಗ್ ಹದವೂ ಅಷ್ಟೇ ಕಷ್ಟ. ದಿನಾ ಅದನ್ನೇ ಮಾಡುವವನು ಅಗ್ಗಕ್ಕೆ ಕೊಡುವಾಗ ಜಾಣ ಕಮ್ಮಾರ ಕೊಳ್ಳದೆ ಇರ್ತಾನಾ?

ಗಂಜಾಂ_ಗೆಳೆಯ: ನಮ್ಮ ಶ್ರೀರಂಗಪಟ್ಟಣದ ಕಡೆಗೂ ಬನ್ನಿ ಸ್ವಾಮಿ. ಟಿಪ್ಪುವಿನ ಕಾರ್ಖಾನೆಯ ಚಕಮಕಿ ಕೋವಿಗಳಲ್ಲಿ ಕಲ್ಲು ಹಿಡಿಯುವ ಕುದುರೆಯನ್ನೇ ಹುಲಿಯ ಆಕಾರಕ್ಕೆ ತಂದಿದ್ದಾರೆ. 1788ರಲ್ಲಿ ಫ್ರಾನ್ಸ್ ತಲುಪಿದ ಅವನ ರಾಯಭಾರಿಗಳು ಅಲ್ಲಿನ ಕುಶಲಕರ್ಮಿಗಳನ್ನೂ ಕರೆತಂದರು. ಅಲ್ಲೂ ಹತ್ತಾರು ಕೈ. ಅದರಿಂದ ಕೋವಿಯ ಬೆಲೆ ಕಮ್ಮಿಯಾಯಿತಾ? 1799ರಲ್ಲಿ ಲೂಟಿಯಾದ ಮೇಲೆ ಒಳ್ಳೊಳ್ಳೆಯವು ಬ್ರಿಟನ್ ಸೇರಿದವು, ಅದು ಬೇರೆ ಹೊಟ್ಟೆಯುರಿ.

ಕುಲುಮೆಪ್ರಿಯ: ಅದು ಅರಮನೆ ಕಾರ್ಖಾನೆ. ನಾನು ಹೇಳ್ತಿರೋದು ಹಳ್ಳಿ ಕಮ್ಮಾರನ ಬಗ್ಗೆ. ಮೇಪಲ್ ಮರ ಕೆತ್ತಿ, ಹಿತ್ತಾಳೆ ಎರಕ ಹೊಯ್ದು, ಲಾಕ್ ಕೂರಿಸಲು ಕೂದಲೆಳೆಯಷ್ಟೂ ಸಂದಿಲ್ಲದೆ ಮರ ಕೊರೆದವನು ಅವನೇ ತಾನೇ?

ಅರ_ಸುತ್ತಿಗೆ: ಅದನ್ನು ಒಪ್ಪಿದೆ. ಆದರೆ ಅವನ ಹೊಟ್ಟೆ ತುಂಬಿದ್ದು ಹೊಸ ಕೋವಿಯಿಂದ ಮಾತ್ರ ಅಲ್ಲ. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಗೆಡ್ಡಿ ಸಹೋದರರು 1751ರಲ್ಲಿ ಪತ್ರಿಕೆಗೆ ಕೊಟ್ಟ ಜಾಹೀರಾತು ನೋಡಿ: ಕೋವಿ ಕೆಲಸ, ಚಾಕು ಕತ್ತರಿ ಕೆಲಸ, ಎರಕ, ಎಲ್ಲಾ ಒಂದೇ ಅಂಗಡಿಯಲ್ಲಿ. ಮುರಿದ ಸ್ಪ್ರಿಂಗ್ ಹಿಡಿದುಕೊಂಡು ಬಂದವನಿಗೆ ನಳಿಗೆ ಬಡಿದು ತೋರಿಸ್ತಾ ಕೂತರೆ ಗಿರಾಕಿ ನಿಲ್ತಾನಾ?